ತುಕ್ಕು ಹಿಡಿದ ಬೋಲ್ಟಿಗೆ ಬಲ ಬೇಡ, ಬಿಡುವು ಕೊಡಿ

ಮಳೆಗಾಲ ಕಳೆದು ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಮನೆಯಲ್ಲಿ ಒಂದು ಸುತ್ತು ಹಾಕಿ ನೋಡಿ. ಹಿತ್ತಿಲ ಬಾಗಿಲಿನ ಚಿಲಕ ಜಗ್ಗಿದರೂ ಜರುಗದು. ಕಾಂಪೌಂಡಿನ ಗೇಟು ತೆಗೆದರೆ ಬೀದಿಯವರೆಲ್ಲ ತಿರುಗಿ ನೋಡುವಂತೆ ಕಿರುಚುತ್ತದೆ. ಮಗನ ಸೈಕಲ್ಲಿನ ಸೀಟು ಎತ್ತರಿಸೋಣ ಅಂದರೆ ಅದರ ನಟ್ಟು ಕಲ್ಲಾಗಿ ಕೂತಿದೆ. ಅಟ್ಟದ ಮೇಲಿಂದ ಇಳಿಸಿದ ಹೊಲಿಗೆ ಯಂತ್ರದ ಚಕ್ರ ತಿರುಗುವುದೇ ಇಲ್ಲ.

ಆಗ ನಾವು ಮಾಡುವುದು ಎರಡರಲ್ಲಿ ಒಂದು. "ಸಂಜೆ ಅವರು ಬರ್ತಾರಲ್ಲ, ಅವರೇ ನೋಡ್ಲಿ" ಎಂದು ಬಿಟ್ಟುಬಿಡುತ್ತೇವೆ. ಇಲ್ಲವೇ ಸಿಟ್ಟು ಬಂದು ಕುಟ್ಟಾಣಿ ತಂದು ನಾಲ್ಕು ಕುಟ್ಟುತ್ತೇವೆ. ಸಂಜೆ ದಣಿದು ಬಂದವರಾದರೂ ಏನು ಮಾಡುತ್ತಾರೆ? ಇಕ್ಕಳ ಹಾಕಿ ಹಲ್ಲು ಕಚ್ಚಿ ತಿರುಗಿಸುತ್ತಾರೆ. ನಟ್ಟಿನ ಆರು ಮೂಲೆಗಳೂ ಸವೆದು ಗುಂಡಗಾಗುತ್ತವೆ, ಅಥವಾ ಬೋಲ್ಟಿನ ತಲೆ ಪಟ್ಟನೆ ಮುರಿದು ಕೈಗೆ ಬರುತ್ತದೆ. ಚಿಲ್ಲರೆ ಕಾಸಿನ ಬೋಲ್ಟು. ಆದರೆ ಒಳಗೆ ಉಳಿದ ತುಂಡನ್ನು ಡ್ರಿಲ್ ಹಾಕಿ ಕೊರೆದು ತೆಗೆಯಲು ಬಂದವರಿಗೆ ಕೊಡುವ ಕೂಲಿ ಚಿಲ್ಲರೆಯಲ್ಲ.

ನಿಜ ಹೇಳಬೇಕೆಂದರೆ ತುಕ್ಕು ಹಿಡಿದ ಬೋಲ್ಟನ್ನು ಬಿಡಿಸುವುದು ತೋಳ್ಬಲದ ಕೆಲಸವೇ ಅಲ್ಲ. ರಾತ್ರಿ ಬೇಳೆ ನೆನೆಹಾಕಿ ಬೆಳಿಗ್ಗೆ ರುಬ್ಬುವವರಿಗೆ, ಹಾಲಿಗೆ ಹೆಪ್ಪು ಹಾಕಿ ಮುಟ್ಟದೆ ಕಾಯುವವರಿಗೆ ಹೇಳಿಮಾಡಿಸಿದ ಕೆಲಸ ಇದು. ಸರಿಯಾದ ಎಣ್ಣೆ, ಸಾಕಷ್ಟು ಹೊತ್ತು, ಸ್ವಲ್ಪ ಉಪಾಯ ಇಷ್ಟಿದ್ದರೆ ನಿಮ್ಮ ಕೈಯಲ್ಲೇ ಆಗುತ್ತದೆ.

ಬೋಲ್ಟು ಹಟ ಹಿಡಿಯುವುದೇಕೆ?

ಕಬ್ಬಿಣಕ್ಕೆ ನೀರೂ ಗಾಳಿಯಲ್ಲಿರುವ ಆಮ್ಲಜನಕವೂ ಒಟ್ಟಿಗೆ ತಗುಲಿದರೆ ತುಕ್ಕು ಹುಟ್ಟುತ್ತದೆ. ಉಪ್ಪು ಜೊತೆಗೂಡಿದರೆ ಕೇಳುವುದೇ ಬೇಡ, ತುಕ್ಕು ಓಡಿ ಬರುತ್ತದೆ. ಕಾರವಾರ, ಉಡುಪಿ, ಮಂಗಳೂರಿನ ಕಡಲ ಕಡೆಯ ಮನೆಗಳಲ್ಲಿ ಹೊಸ ಕೀಲು ಕೂಡ ಬೇಗ ಕೆಂಪಾಗುವುದು ಇದಕ್ಕೇ. ಬಯಲುಸೀಮೆಯವರು ಆ ಮಟ್ಟಿಗೆ ಪುಣ್ಯವಂತರು. ಆದರೆ ಅಲ್ಲೂ ಬಚ್ಚಲುಮನೆ, ನೀರಿನ ತೊಟ್ಟಿಯ ಮುಚ್ಚಳ, ಪಂಪಿನ ಬೋಲ್ಟುಗಳಿಗೆ ಬಿಡುಗಡೆ ಇಲ್ಲ.

ಈ ತುಕ್ಕಿಗೆ ಒಂದು ಕೆಟ್ಟ ಗುಣ. ಅದು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ತುಂಬುತ್ತದೆ. ಡಬ್ಬಿಯ ಕಂಠದವರೆಗೆ ಕಡಲೆ ತುಂಬಿ ನೀರು ಹಾಕಿಟ್ಟರೆ ಏನಾಗುತ್ತದೆ? ಉಬ್ಬಿ, ಒಂದಕ್ಕೊಂದು ಒತ್ತಿ, ಕೈ ಹಾಕಿದರೂ ಬರದಂತೆ ಬಿಗಿಯುತ್ತದೆ. ಬೋಲ್ಟಿನ ಮೈಮೇಲಿನ ಸುರುಳಿ ಗೆರೆಗೂ (ಮೆಕ್ಯಾನಿಕ್ ಬಾಯಲ್ಲಿ ಥ್ರೆಡ್ಡು) ನಟ್ಟಿನ ಒಳಗಿನ ಗೆರೆಗೂ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ತುಕ್ಕು ಉಬ್ಬಿ ಕೂತರೆ ಎರಡೂ ಒಂದೇ ತುಂಡಿನಂತೆ ಆಗಿಬಿಡುತ್ತವೆ.

ದೆಹಲಿಯ ಮೆಹ್ರೋಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷದಿಂದ ಬಯಲಲ್ಲೇ ನಿಂತಿದ್ದರೂ ತುಕ್ಕಿಗೆ ಕರಗಿಲ್ಲ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಮೇಲೊಂದು ರಕ್ಷಣೆಯ ಪೊರೆ ಕಟ್ಟಿಕೊಂಡಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಮನೆಯ ಬೋಲ್ಟಿಗೆ ಆ ಭಾಗ್ಯವಿಲ್ಲ. ಅದರ ಯೋಗಕ್ಷೇಮ ನಾವೇ ನೋಡಿಕೊಳ್ಳಬೇಕು.

ಎಣ್ಣೆಗಳೆಲ್ಲ ಒಂದೇ ಅಲ್ಲ

"ಎಣ್ಣೆ ಬಿಟ್ಟೆ ಕಣ್ರೀ, ಆದರೂ ಬರಲಿಲ್ಲ" ಎನ್ನುವವರನ್ನು ಯಾವ ಎಣ್ಣೆ ಎಂದು ಕೇಳಿ ನೋಡಿ. ಕೊಬ್ಬರಿ ಎಣ್ಣೆಯೋ, ಕಡಲೆಕಾಯಿ ಎಣ್ಣೆಯೋ ಆಗಿರುತ್ತದೆ. ಅಡುಗೆ ಎಣ್ಣೆ ಮಂದ. ಕೂದಲೆಳೆಯಷ್ಟು ಸಂದಿಗೆ ಅದು ಬೇಗ ಇಳಿಯದು. ಕೊಬ್ಬರಿ ಎಣ್ಣೆಯಂತೂ ಚಳಿಗೆ ಹೆಪ್ಪುಗಟ್ಟುತ್ತದೆ. ಸೂರ್ಯಕಾಂತಿ, ಸೋಯಾ ಎಣ್ಣೆಗಳು ಗಾಳಿಗೆ ಒಣಗಿ ಅಂಟಾಗುತ್ತವೆ. ಒಲೆಯ ಹಿಂದಿನ ಗೋಡೆಯ ಮೇಲೆ ಕೂತ ಜಿಡ್ಡನ್ನು ಉಜ್ಜಿ ಉಜ್ಜಿ ಸುಸ್ತಾದವರಿಗೆ ಆ ಅಂಟು ಎಂಥದ್ದೆಂದು ಬೇರೆ ಹೇಳಬೇಕೆ? ಅದೇ ಅಂಟು ಕೀಲಿನ ಒಳಗೂ ಕೂರುತ್ತದೆ.

ಹಿಂದೆ ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದರಲ್ಲ ಎಂದು ನೀವು ಕೇಳಬಹುದು. ಹೌದು, ತಿರುಗುತ್ತಿರುವ ಗಾಲಿಯ ಸವೆತ ತಪ್ಪಿಸಲು ಅಂಥ ದಪ್ಪ ಎಣ್ಣೆಯೇ ಸರಿ. ಆದರೆ ಸಿಕ್ಕಿಕೊಂಡದ್ದನ್ನು ಬಿಡಿಸಲು ಬೇಕಾದದ್ದು ನೀರಿಗಿಂತಲೂ ಸಲೀಸಾಗಿ ಹರಡಿ ಒಳಕ್ಕೆ ತೂರುವ ತೆಳು ಎಣ್ಣೆ.

ಅದು ತಾನಾಗಿ ಒಳಕ್ಕೆ ಹೋಗುವುದು ಹೇಗೆ? ದೇವರ ದೀಪವನ್ನೇ ನೋಡಿ. ಬತ್ತಿಯ ಬುಡ ಎಣ್ಣೆಯಲ್ಲಿದ್ದರೆ ಸಾಕು, ಯಾರೂ ಎತ್ತದಿದ್ದರೂ ಎಣ್ಣೆ ಎಳೆಗಳ ನಡುವಿನ ಸಂದು ಹಿಡಿದು ತುದಿಗೇರುತ್ತದೆ. ಬೋಲ್ಟಿನ ಸಂದಿನಲ್ಲೂ ಹೀಗೆಯೇ. ಮೇಲಕ್ಕೂ ಏರುತ್ತದೆ, ಅಡ್ಡಕ್ಕೂ ಹರಿಯುತ್ತದೆ. ಆದರೆ ಬಲು ನಿಧಾನ. ಅದಕ್ಕೇ ಹೊತ್ತು ಕೊಡಿ ಎನ್ನುವುದು.

ನಮ್ಮ ಹಿರಿಯರು ಇದಕ್ಕೆ ಬಳಸುತ್ತಿದ್ದುದು ಸೀಮೆಎಣ್ಣೆ. ಇಂದಿಗೂ ಅದು ಕೆಲಸಕ್ಕೆ ಬರುತ್ತದೆ. ಆದರೆ ರೇಷನ್ ಅಂಗಡಿಯ ಸೀಮೆಎಣ್ಣೆ ಈಗ ಅಪರೂಪ. ಜೊತೆಗೆ ಬೆಂಕಿಯ ಭಯ ಬೇರೆ. ಈಗ ಹಾರ್ಡ್‌ವೇರ್ ಅಂಗಡಿಯಲ್ಲಿ "ತುಕ್ಕು ಬಿಡಿಸುವ ಸ್ಪ್ರೇ ಕೊಡಿ" ಎಂದರೆ ಸಣ್ಣ ಡಬ್ಬಿ ಕೊಡುತ್ತಾರೆ. ತೂತಿಗೆ ಸಿಕ್ಕಿಸುವ ತೆಳ್ಳನೆ ಕೊಳವೆಯೂ ಅದರ ಜೊತೆಗಿರುತ್ತದೆ. ಸಣ್ಣಪುಟ್ಟ ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆಯೂ ಆದೀತು, ಸ್ವಲ್ಪ ನಿಧಾನ ಅಷ್ಟೆ.

ಅಂಗಡಿಯಲ್ಲಿ ಕಾಣುವ ನೀಲಿ-ಹಳದಿ ಡಬ್ಬಿಯ ಡಬ್ಲ್ಯುಡಿ-40 ಎಂಬ ಸ್ಪ್ರೇಗೆ ಒಂದು ಕಥೆಯಿದೆ. ಅಮೆರಿಕದ ಸ್ಯಾನ್ ಡಿಯಾಗೋ ಊರಿನ ರಾಕೆಟ್ ಕೆಮಿಕಲ್ ಎಂಬ ಪುಟ್ಟ ಕಂಪನಿ 1953ರಲ್ಲಿ ತುಕ್ಕು ಹಿಡಿಯದಂತೆ ನೀರನ್ನು ದೂರವಿಡುವ ಒಂದು ದ್ರವ ಮಾಡಲು ಹೊರಟಿತು. 40ನೆಯ ಪ್ರಯತ್ನದಲ್ಲಿ ಅದು ಸಿದ್ಧಿಸಿತಂತೆ. "ನೀರು ಓಡಿಸುವುದು, 40ನೆಯ ಸಲ" ಎಂಬುದರ ಮೊದಲಕ್ಷರಗಳೇ ಹೆಸರಾದವು. ಅಟ್ಲಾಸ್ ಎಂಬ ಕ್ಷಿಪಣಿಯ ಹೊರಮೈಗೆ ತುಕ್ಕು ಬರದಂತೆ ಬಳಿಯಲು ಅದು ಬಳಕೆಯಾಯಿತು. ಕೆಲಸಗಾರರು ಅದನ್ನು ಮನೆಗೂ ಒಯ್ಯತೊಡಗಿದರು. 1958ರಲ್ಲಿ ಅಂಗಡಿಗೆ ಬಂತು. ಉಪ್ಪಿನಕಾಯಿಯ ಹದ ಕೈಗೆ ಹತ್ತಲು ಎರಡು ಮೂರು ವರ್ಷ ಬೇಕಾದರೆ ಬೇಸರಪಡುವ ನಮಗೆ ಆ 40 ಸಲದ ತಾಳ್ಮೆ ದೊಡ್ಡದೇ. ಆದರೆ ಅದು ಮೂಲತಃ ನೀರು ಓಡಿಸಲು ಮಾಡಿದ್ದು ಎಂಬುದು ನೆನಪಿರಲಿ. ಸಾಧಾರಣ ತುಕ್ಕಿಗೆ ಸಾಕು. ತೀರಾ ಹಳೆಯ ಹಟಮಾರಿ ಬೋಲ್ಟಿಗೆ ತುಕ್ಕು ಬಿಡಿಸಲೆಂದೇ ಮಾಡಿದ ಎಣ್ಣೆ ಕೇಳಿ ತನ್ನಿ.

ಬೇಕಾಗುವ ಸಾಮಾನು

ತುಕ್ಕು ಬಿಡಿಸುವ ಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್, ಒಂದು ತುಂಡು ಉಪ್ಪುಕಾಗದ, ಸ್ವಲ್ಪ ಹತ್ತಿ, ಹಳೆಯ ಬಟ್ಟೆ, ಸಣ್ಣ ಸುತ್ತಿಗೆ, ನಟ್ಟಿನ ಅಳತೆಗೆ ಸರಿಯಾದ ಸ್ಪ್ಯಾನರ್. ಬಾಯಿ ತೆರೆದ ಸ್ಪ್ಯಾನರಿಗಿಂತ ಬಳೆಯಂತೆ ಸುತ್ತ ಹಿಡಿಯುವ ರಿಂಗ್ ಸ್ಪ್ಯಾನರ್ ಮೇಲು. ಅದು ಎಲ್ಲ ಮೂಲೆಗಳನ್ನೂ ಹಿಡಿಯುವುದರಿಂದ ಜಾರುವುದು ಕಡಿಮೆ. ಇಕ್ಕಳ ಕೊನೆಯ ಉಪಾಯ.

ಮಾಡುವ ವಿಧಾನ

1. ಮೊದಲು ಬ್ರಷ್ಷಿನಿಂದ ಮೇಲಿನ ತುಕ್ಕು, ಧೂಳು, ಹಳೆ ಬಣ್ಣ ಉಜ್ಜಿ ತೆಗೆಯಿರಿ. ಬಣ್ಣ ಮುಚ್ಚಿಕೊಂಡಿದ್ದರೆ ಎಣ್ಣೆಗೆ ದಾರಿಯೇ ಸಿಗದು. ಮೇಲೆ ಎತ್ತರದಲ್ಲಿ ಕೆಲಸವಿದ್ದರೆ ಕನ್ನಡಕ ಹಾಕಿಕೊಳ್ಳಿ, ತುಕ್ಕಿನ ಪುಡಿ ಕಣ್ಣಿಗೆ ಬಿದ್ದೀತು.

2. ನಟ್ಟು ಬೋಲ್ಟು ಕೂಡುವ ಸಂದಿಗೆ ಎಣ್ಣೆ ಬಿಡಿ. ಎರಡೂ ಪಕ್ಕ ಕೈಗೆ ಸಿಗುವಂತಿದ್ದರೆ ಎರಡೂ ಕಡೆ ಬಿಡಿ. ನಟ್ಟಿನ ಬೆನ್ನ ಮೇಲೆ ಸುರಿದರೆ ಪ್ರಯೋಜನವಿಲ್ಲ.

3. ಬೋಲ್ಟು ಅಡ್ಡಲಾಗಿದ್ದರೆ ಎಣ್ಣೆ ಸೋರಿ ಹೋಗುತ್ತದಲ್ಲ? ಹತ್ತಿಯನ್ನು ಉದ್ದ ಬತ್ತಿ ಹೊಸೆದು, ಎಣ್ಣೆಯಲ್ಲಿ ತೋಯಿಸಿ ಸಂದಿನ ಸುತ್ತ ಸುತ್ತಿಡಿ. ಬೋಲ್ಟಿನ ತಲೆ ಮೇಲಕ್ಕಿದ್ದರೆ ಸುತ್ತಲೂ ಗೋಧಿಹಿಟ್ಟಿನ ಕಣಕದಿಂದ, ಹಿಟ್ಟಿನ ದೀಪ ಮಾಡುವ ಹಾಗೆ, ಚಿಕ್ಕ ಕಟ್ಟೆ ಕಟ್ಟಿ ಅದರೊಳಗೆ ಎಣ್ಣೆ ನಿಲ್ಲಿಸಿ. ಕೆಲಸವಾದ ಮೇಲೆ ಆ ಹಿಟ್ಟನ್ನು ದನ, ನಾಯಿ, ಕಾಗೆಗಳ ಬಾಯಿಗೆ ಸಿಗದಂತೆ ಕಸಕ್ಕೆ ಹಾಕಿ.

4. ಸುತ್ತಿಗೆಯಿಂದ ಬೋಲ್ಟಿನ ತಲೆಗೆ ನೆಟ್ಟಗೆ ಹತ್ತು ಹದಿನೈದು ಸಲ ತಟ್ಟಿ. ಕುಟ್ಟಬೇಡಿ, ತಟ್ಟಿ. ಆ ನಡುಕಕ್ಕೆ ಒಳಗಿನ ತುಕ್ಕು ಅಲ್ಲಲ್ಲಿ ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ.

5. ಈಗ ಬಿಟ್ಟು ಹೋಗಿ. ಸಾಧಾರಣ ತುಕ್ಕಾದರೆ ಅರ್ಧ ಗಂಟೆ. ವರ್ಷಗಟ್ಟಲೆ ಕೂತದ್ದಾದರೆ ರಾತ್ರಿ ಎಣ್ಣೆ ಬಿಟ್ಟು ಬೆಳಿಗ್ಗೆ ನೋಡಿ. ಬರದಿದ್ದರೆ ಮತ್ತೆ ಎಣ್ಣೆ, ಮತ್ತೆ ತಟ್ಟುವುದು, ಮತ್ತೆ ಒಂದು ರಾತ್ರಿ. ಮೂರು ದಿನ ಹಿಡಿದರೂ ಬೇಸರ ಬೇಡ.

6. ಸ್ಪ್ಯಾನರ್ ಹಾಕಿ ಮೊದಲು ಬಿಗಿ ಮಾಡುವ ಕಡೆಗೆ ಒಂದು ಎಳೆಯಷ್ಟು ತಿರುಗಿಸಿ. "ಬಿಚ್ಚೋಕೆ ಹೊರಟು ಬಿಗಿ ಮಾಡೋದೇ?" ಅನ್ನಬೇಡಿ. ತುಕ್ಕಿನ ಹಿಡಿತ ಬಿಡಿಸಲು ಅದೊಂದು ಉಪಾಯ. ಆಮೇಲೆ ಗಡಿಯಾರದ ಮುಳ್ಳಿನ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿ. ಚೂರು ಸಡಿಲವಾದೊಡನೆ ಒಂದೇ ಸಮನೆ ಬಿಚ್ಚಬೇಡಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಒಂದು ತೊಟ್ಟು ಎಣ್ಣೆ ಬಿಟ್ಟು ಮತ್ತೆ ಮುಂದಕ್ಕೆ. ಹೀಗೆ ಮಾಡಿದರೆ ಉದುರಿದ ತುಕ್ಕು ಗೆರೆಯಲ್ಲಿ ಸಿಕ್ಕಿ ಮತ್ತೆ ಬಿಗಿಯುವುದಿಲ್ಲ.

7. ಸ್ಪ್ಯಾನರನ್ನು ಹಿಡಿಯ ತುದಿಯಲ್ಲಿ ಹಿಡಿಯಿರಿ. ಬೀಸುವ ಕಲ್ಲಿನ ಗೂಟವನ್ನು ನಡುವೆ ಇಡದೆ ಅಂಚಿನಲ್ಲೇಕೆ ಇಟ್ಟರು? ದೂರ ಹಿಡಿದಷ್ಟೂ ಕಡಿಮೆ ಬಲ ಸಾಕು. ಆದಷ್ಟೂ ನಿಮ್ಮ ಕಡೆಗೆ ಎಳೆಯಿರಿ. ತಳ್ಳಲೇಬೇಕಾದರೆ ಮುಷ್ಟಿ ಕಟ್ಟದೆ ಅಂಗೈಯಿಂದ ತಳ್ಳಿ. ಜಾರಿದರೆ ಬೆರಳ ಗೆಣ್ಣು ಗೋಡೆಗೆ ಬಡಿಯದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಾಜಿನ ಬಳೆ ತೆಗೆದಿಟ್ಟು ಕೂತುಕೊಳ್ಳಿ.

ಇಷ್ಟಕ್ಕೂ ಜಗ್ಗದಿದ್ದರೆ ಬಿಸಿನೀರಿನ ಉಪಾಯವಿದೆ. ಗಾಜಿನ ಬಾಟಲಿಯ ತಗಡಿನ ಮುಚ್ಚಳ ಬಿಗಿಯಾದರೆ ಅದರ ಮೇಲೆ ಬಿಸಿನೀರು ಬಿಡುತ್ತೀರಲ್ಲವೇ? ಮುಚ್ಚಳ ಹಿಗ್ಗಿ ಸಡಿಲವಾಗುತ್ತದೆ. ಹಾಗೆಯೇ ಎಣ್ಣೆಯನ್ನು ಚೆನ್ನಾಗಿ ಒರೆಸಿ ತೆಗೆದು, ಕುದಿಯುವ ನೀರನ್ನು ಹೊರಗಿನ ನಟ್ಟಿನ ಮೇಲೆ ಜಾಗ್ರತೆಯಿಂದ ಸುರಿದು, ಒರೆಸಿ, ಬೆಚ್ಚಗಿರುವಾಗಲೇ ತಿರುಗಿಸಿ ನೋಡಿ. ಬರದಿದ್ದರೆ ಕೈ ಮುಟ್ಟುವಷ್ಟು ತಣ್ಣಗಾದ ಮೇಲೆ ಮತ್ತೆ ಎಣ್ಣೆ ಬಿಡಿ. ಮೆಕ್ಯಾನಿಕ್‌ಗಳು ಬೆಂಕಿಯಿಂದ ಕಾಯಿಸುವುದನ್ನು ನೀವು ನೋಡಿರಬಹುದು. ಅದು ಅವರ ಕೆಲಸ. ಎಣ್ಣೆ ತಗುಲಿದ ಜಾಗಕ್ಕೆ ನಾವು ಮೇಣದಬತ್ತಿ, ಬೆಂಕಿಕಡ್ಡಿ ಯಾವುದನ್ನೂ ಹಿಡಿಯಕೂಡದು.

ತಿರುಗುವ ದಿಕ್ಕು ಉಲ್ಟಾ ಇರುವುದೂ ಉಂಟು

ಎಲ್ಲ ತಿರುಪೂ ಒಂದೇ ದಿಕ್ಕಿಗೆ ಬಿಚ್ಚುವುದಿಲ್ಲ. ಸೈಕಲ್ಲಿನ ಎಡ ಪೆಡಲ್ ಬಿಚ್ಚಬೇಕಾದರೆ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಬಹುತೇಕ ಟೇಬಲ್ ಫ್ಯಾನಿನ ರೆಕ್ಕೆ ಹಿಡಿದಿರುವ ನಡುವಿನ ಬಿರಡೆಯೂ ಹಾಗೆಯೇ. ಅದರ ಮೇಲೆ ಬಾಣದ ಗುರುತಿದ್ದರೆ ನೋಡಿಕೊಳ್ಳಿ. ಇದು ತಿಳಿಯದೆ ಎಷ್ಟೋ ಜನ ಬಿಚ್ಚುತ್ತಿದ್ದೇವೆಂದುಕೊಂಡು ಇನ್ನಷ್ಟು ಬಿಗಿ ಮಾಡಿ, ಕೊನೆಗೆ ತುಕ್ಕನ್ನು ಬೈಯುತ್ತಾರೆ.

ಎಲ್ಲಕ್ಕೂ ಮೊದಲು ಕಿಟಕಿಯ ಗ್ರಿಲ್

ಸೈಕಲ್ ಸೀಟು ನಾಳೆಗೆ ಉಳಿದರೂ ನಡೆದೀತು. ನಾಳೆಗೆ ಬಿಡಬಾರದ ಒಂದು ಜಾಗವಿದೆ.

ಕಳ್ಳರ ಭಯಕ್ಕೆ ನಾವೆಲ್ಲ ಕಿಟಕಿಗೆ, ವರಾಂಡಕ್ಕೆ, ಮಹಡಿಯ ಬಾಲ್ಕನಿಗೆ ಕಬ್ಬಿಣದ ಗ್ರಿಲ್ ಹಾಕಿಸಿದ್ದೇವೆ. ತಿಳಿವಳಿಕೆಯುಳ್ಳವರು ಅದರಲ್ಲೊಂದು ತೆರೆಯುವ ಬಾಗಿಲು ಇಡಿಸಿ ಬೀಗ ಹಾಕಿರುತ್ತಾರೆ. ಗೃಹಪ್ರವೇಶದ ದಿನ ಹಾಕಿದ ಆ ಬೀಗವನ್ನು ಆಮೇಲೆ ಯಾರಾದರೂ ತೆಗೆದು ನೋಡಿದ್ದುಂಟೇ? ಮಳೆಯ ಇರಚಲು ಮೊದಲು ಬೀಳುವುದು ಅದರ ಮೇಲೆಯೇ. ಬೀಗ, ಅಗುಳಿ, ಕೀಲು ಮೂರೂ ಸೇರಿ ಬೆಸುಗೆ ಹಾಕಿದಂತೆ ಕೂತಿರುತ್ತವೆ. ಅಡುಗೆಮನೆಯಲ್ಲೋ ಮುಂಬಾಗಿಲ ಹತ್ತಿರದ ಮೀಟರ್ ಬೋರ್ಡಿನಲ್ಲೋ ಬೆಂಕಿ ಹೊತ್ತಿ ಹೊಗೆ ತುಂಬಿದರೆ ಹೊರಕ್ಕೆ ಹೋಗಲು ಇರುವ ಇನ್ನೊಂದೇ ದಾರಿ ಅದು. ಆ ಹೊತ್ತಿನಲ್ಲಿ ಎಣ್ಣೆ ಹುಡುಕುವುದೆಂದರೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಆದ್ದರಿಂದ ಈ ಸಂಚಿಕೆ ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ ಆ ಬೀಗವನ್ನು ತೆಗೆದು ನೋಡಿ. ಬರದಿದ್ದರೆ ಇವತ್ತೇ ಕೆಲಸ ಶುರು ಮಾಡಿ. ಅಗುಳಿಗೂ ಕೀಲುಗಳಿಗೂ ಮೇಲೆ ಹೇಳಿದ ಕ್ರಮವೇ. ಬೀಗ ತೀರಾ ಹಾಳಾಗಿದ್ದರೆ ಕತ್ತರಿಸಿ ಹೊಸದು ಹಾಕಿಸಿ. ಕೆಲಸವಾದ ಮೇಲೆ ನೀವು ತೆಗೆದು ನೋಡಿದರೆ ಸಾಲದು. ಮನೆಯ ಅತ್ತೆಯವರ ಕೈಯಲ್ಲಿ, ಹತ್ತು ವರ್ಷದ ಮಗುವಿನ ಕೈಯಲ್ಲಿ ತೆಗೆಸಿ ನೋಡಿ. ಬೀಗದ ಕೈ ಬೀರುವಿನೊಳಗೆ ಬೇಡ. ಒಳಗಿದ್ದವರಿಗೆಲ್ಲ ಗೊತ್ತಿರುವ, ಹೊರಗಿನಿಂದ ಕೈ ಚಾಚಿದರೆ ಸಿಗದ ಒಂದು ಮೊಳೆಗೆ ತೂಗುಹಾಕಿ. ಗ್ರಿಲ್ಲಿನಲ್ಲಿ ತೆರೆಯುವ ಬಾಗಿಲೇ ಇಲ್ಲದಿದ್ದರೆ ವೆಲ್ಡಿಂಗ್‌ನವರನ್ನು ಕರೆಸಿ ಒಂದಾದರೂ ಮಾಡಿಸಿ.

ಬೀಗದ ತೂತಿಗೆ ಬೇರೆ ಮದ್ದು

ಸಿಕ್ಕಿಕೊಂಡ ಬೀಗವನ್ನು ಒಮ್ಮೆ ಬಿಡಿಸಲು ತೆಳು ಎಣ್ಣೆ ಆದೀತು. ಆದರೆ ಅದು ಚೆನ್ನಾಗಿ ತಿರುಗುತ್ತಿರಲೆಂದು ಆಗಾಗ ಎಣ್ಣೆ ಹಾಕಬೇಡಿ. ಧೂಳು ಅಂಟಿ ಒಳಗೆ ರಾಡಿಯಾಗುತ್ತದೆ. ಅದರ ಬದಲು ಮಗುವಿನ ಪೆನ್ಸಿಲ್ ತೆಗೆದುಕೊಂಡು ಬೀಗದ ಕೈಯ ಹಲ್ಲುಗಳ ಮೇಲೆ ಚೆನ್ನಾಗಿ ಗೀಚಿ, ಬೀಗಕ್ಕೆ ಹಾಕಿ ನಾಲ್ಕು ಸಲ ತಿರುಗಿಸಿ. ಪೆನ್ಸಿಲಿನ ಕಪ್ಪು ಪುಡಿ ಗ್ರಾಫೈಟ್. ಜಾರುವ ಗುಣ ಅದಕ್ಕೆ ಹುಟ್ಟಿನಿಂದಲೇ ಬಂದದ್ದು.

ಹೊಲಿಗೆ ಯಂತ್ರ

ಬಹಳ ದಿನ ಮುಚ್ಚಿಟ್ಟ ಹೊಲಿಗೆ ಯಂತ್ರ ಸಿಕ್ಕಿಕೊಳ್ಳುವುದು ತುಕ್ಕಿನಿಂದಲೇ ಎಂದಲ್ಲ. ಎಷ್ಟೋ ಸಲ ಹಿಂದೆ ಹಾಕಿದ ಎಣ್ಣೆಯೇ ಒಣಗಿ ಅಂಟಾಗಿರುತ್ತದೆ. ಮೊದಲು ಬಾಬಿನ್ ತೆಗೆದು ಅಲ್ಲಿ ದಾರದ ತುಣುಕು, ಬಟ್ಟೆಯ ನೂಲು ಸಿಕ್ಕಿದೆಯೇ ನೋಡಿ. ಆಮೇಲೆ ಎಣ್ಣೆ ಬಿಡುವ ಪ್ರತಿ ತೂತಿಗೂ ಎರಡು ಮೂರು ತೊಟ್ಟು ಸೀಮೆಎಣ್ಣೆ, ಇಲ್ಲವೇ ತೆಳು ಸ್ಪ್ರೇ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಿ. ಒಂದು ನೂಲೆಳೆಯಷ್ಟು ಅಲುಗಿದರೂ ಸಾಕು, ಗೆದ್ದಿರಿ. ಮತ್ತೆ ತೊಟ್ಟು ಬಿಟ್ಟು ಮತ್ತೆ ಆಡಿಸಿ. ಕಾಲಿನಿಂದ ತುಳಿದು ಬಲವಂತ ಮಾಡಬೇಡಿ. ಮೋಟಾರ್ ಇದ್ದರೆ ಪ್ಲಗ್ ತೆಗೆದಿರಿ, ಬೆಲ್ಟಿಗೆ ಎಣ್ಣೆ ತಗುಲದಿರಲಿ.

ಯಂತ್ರ ತಿರುಗಿದ ಸಂತೋಷದಲ್ಲಿ ಅಲ್ಲಿಗೇ ನಿಲ್ಲಿಸುವುದು ಸರಿಯಲ್ಲ. ಸೀಮೆಎಣ್ಣೆ ಹಳೆಯ ಅಂಟನ್ನು ಕರಗಿಸುತ್ತದೆಯೇ ಹೊರತು ಸವೆತ ತಡೆಯುವುದಿಲ್ಲ. ಕಪ್ಪು ಕೊಳೆಯನ್ನೆಲ್ಲ ಒರೆಸಿ, ಎಲ್ಲ ತೂತಿಗೂ ಹೊಲಿಗೆ ಯಂತ್ರದ ಎಣ್ಣೆಯನ್ನೇ ಬಿಟ್ಟು, ಮೊದಲು ಹಳೆ ಬಟ್ಟೆಯ ಮೇಲೆ ಹತ್ತು ನಿಮಿಷ ಹೊಲಿಯಿರಿ. ಇಲ್ಲವಾದರೆ ರವಿಕೆಯ ಕಣದ ಮೇಲೆ ಎಣ್ಣೆಕಲೆ ಖಂಡಿತ. ಅಟ್ಟದಿಂದ ಇಳಿದ ಯಂತ್ರ ಮತ್ತೆ ಓಡಿದರೆ ಮನೆಯ ಫಾಲ್ಸು, ಲಂಗ, ದಿಂಬಿನ ಚೀಲದ ಖರ್ಚು ಉಳಿಯುತ್ತದೆ. ಅಕ್ಕಪಕ್ಕದವರ ಹೊಲಿಗೆಯೂ ನಾಲ್ಕು ಕಾಸು ತಂದೀತು.

ನಲ್ಲಿಗೆ ಎಣ್ಣೆಯಲ್ಲ, ಹುಳಿ

ನಲ್ಲಿಯ ಮೂತಿ, ಶವರಿನ ತಟ್ಟೆ ಸಿಕ್ಕಿಕೊಂಡರೆ ಅಲ್ಲಿ ಬೇರೆಯೇ ರೋಗ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬಿಳಿ ಹೊಪ್ಪಳಿಕೆಯಾಗಿ ಕಟ್ಟಿರುತ್ತದೆ. ಅದಕ್ಕೆ ಎಣ್ಣೆ ಎಷ್ಟು ಹಾಕಿದರೂ ವ್ಯರ್ಥ. ಸುಣ್ಣ ಸೋಲುವುದು ಹುಳಿಗೆ. ಬಟ್ಟೆಯನ್ನು ವಿನೆಗರಿನಲ್ಲೋ ನಿಂಬೆರಸದಲ್ಲೋ ತೋಯಿಸಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿ. ಅರ್ಧದಿಂದ ಒಂದು ಗಂಟೆ ಬಿಟ್ಟು ತೊಳೆಯಿರಿ. ಹೊಳಪಿನ ಲೇಪವಿರುವ ನಲ್ಲಿಗೆ ರಾತ್ರಿಯಿಡೀ ಬಿಡಬೇಡಿ, ಹೊಳಪು ಮಾಸುತ್ತದೆ.

ನಲ್ಲಿಯನ್ನೇ ಬಿಚ್ಚುವುದಾದರೆ ಮೊದಲು ಟ್ಯಾಂಕಿನ ವಾಲ್ವ್ ಮುಚ್ಚಿ. ತಿರುಗಿಸುವಾಗ ಗೋಡೆಯಿಂದ ಬಂದ ಪೈಪು ತಿರುಗುತ್ತಿದೆ ಅನಿಸಿದರೆ ತಕ್ಷಣ ನಿಲ್ಲಿಸಿ ಪ್ಲಂಬರನ್ನು ಕರೆಯಿರಿ. ಗೋಡೆಯೊಳಗೆ ಪೈಪು ಮುರಿದರೆ ಟೈಲ್ಸ್ ಒಡೆಯಬೇಕಾಗುತ್ತದೆ.

ಬಿಚ್ಚಿ ಕೈಗೆ ಬಂದ ಸಣ್ಣ ಕಬ್ಬಿಣದ ತಿರುಪು, ಕೊಂಡಿಗಳ ತುಕ್ಕಿಗೂ ಹುಳಿಯೇ ಮದ್ದು. ವಿನೆಗರಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು ಬೆಳಿಗ್ಗೆ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ದೀಪದ ಕಂಬ ಬೆಳಗಿದ ಹುಣಸೆಹುಳಿಯೂ ಸ್ವಲ್ಪಮಟ್ಟಿಗೆ ಈ ಕೆಲಸ ಮಾಡೀತು. ತೊಳೆದ ಕೂಡಲೇ ಒರೆಸಿ ಒಣಗಿಸಿ ಎಣ್ಣೆ ಸವರಬೇಕು. ಹಾಗೇ ಬಿಟ್ಟರೆ ಊಟದ ಹೊತ್ತಿಗೆ ಮತ್ತೆ ಕೆಂಪಾಗಿರುತ್ತದೆ.

ಎಣ್ಣೆ ಮುಟ್ಟಿಸಬಾರದ ಕಡೆಗಳು

ಆಕ್ಸಿಜನ್ ಸಿಲಿಂಡರ್: 2021ರಲ್ಲಿ ಕೋವಿಡ್ಡಿನ ಎರಡನೇ ಅಲೆಯ ಹೊತ್ತಿಗೆ ಎಷ್ಟೋ ಮನೆಗಳಿಗೆ ಇದು ಬಂತು. ಉಸಿರಾಟದ ತೊಂದರೆ ಇರುವ ಹಿರಿಯರ ಕೋಣೆಯಲ್ಲಿ ಈಗಲೂ ಇರುವುದುಂಟು. ಇದರ ಕೀಲಿ ಎಷ್ಟೇ ಬಿಗಿಯಾಗಿರಲಿ, ಒಂದು ತೊಟ್ಟು ಎಣ್ಣೆಯನ್ನೂ, ಗ್ರೀಸನ್ನೂ ಹಾಕಬಾರದು. ಒತ್ತಡದ ಆಕ್ಸಿಜನ್‌ಗೆ ಎಣ್ಣೆ ತಗುಲಿದರೆ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳಬಹುದು. ಎಣ್ಣೆ ಕೈಯಲ್ಲಿ ಮುಟ್ಟುವುದೂ ಬೇಡ. ಕೊಟ್ಟವರನ್ನೇ ಕರೆಸಿ.

ಅಡುಗೆ ಅನಿಲ: ರೆಗ್ಯುಲೇಟರ್, ರಬ್ಬರ್ ಪೈಪು, ಒಲೆಯ ಒಳಗಿನ ಕೊಳವೆ ಯಾವುದಕ್ಕೂ ಸ್ಪ್ರೇ ಹೊಡೆಯಬೇಡಿ. ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಅದಕ್ಕೆಂದೇ ಇದ್ದಾರೆ.

ಕುಕ್ಕರ್: ಇಂಥ ಎಣ್ಣೆ ತಗುಲಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಸೇಫ್ಟಿ ವಾಲ್ವ್ ಸಿಕ್ಕಿಕೊಂಡಿದ್ದರೆ ಎಣ್ಣೆ ಹಾಕಿ ಉಳಿಸಿಕೊಳ್ಳುವ ಯೋಚನೆ ಬೇಡ, ಹೊಸದು ಹಾಕಿಸಿ.

ಆಹಾರ ತಗುಲುವ ಯಾವುದೇ ಸಾಮಾನು: ಚಕ್ಕುಲಿ ಒರಳು, ಶ್ಯಾವಿಗೆ ಒತ್ತು, ಈಳಿಗೆಮಣೆ, ಮಿಕ್ಸಿ ಜಾರು ಇವಕ್ಕೆ ತುಕ್ಕಿನ ಎಣ್ಣೆ ಸಲ್ಲದು. ಇಲ್ಲಿ ಬಿಸಿನೀರು, ಹುಳಿ, ಕೊನೆಗೆ ಒಂದು ತೊಟ್ಟು ಅಡುಗೆ ಎಣ್ಣೆ ಇಷ್ಟೇ.

ಸೈಕಲ್, ಸ್ಕೂಟರಿನ ಬ್ರೇಕು: ಬ್ರೇಕಿನ ರಬ್ಬರಿಗೋ, ಅದು ಹಿಡಿಯುವ ರಿಮ್ಮಿಗೋ ಎಣ್ಣೆ ತಗುಲಿದರೆ ಬ್ರೇಕ್ ಹಿಡಿಯುವುದಿಲ್ಲ. ಮಗು ಇಳಿಜಾರಿನಲ್ಲಿ ಹೋಗುವಾಗ ಗೊತ್ತಾಗುತ್ತದೆ, ಆಗ ಹೊತ್ತು ಮೀರಿರುತ್ತದೆ.

ಕರೆಂಟಿನ ಸ್ವಿಚ್ ಬೋರ್ಡು: ಹತ್ತಿರವೂ ಬೇಡ.

ಸ್ಪ್ರೇ ಹೊಡೆಯುವಾಗ ಕಿಟಕಿ ತೆರೆದಿರಲಿ. ಒಲೆ, ಊದುಬತ್ತಿ, ದೇವರ ದೀಪ ಆರಿರಲಿ. ಪೆಟ್ರೋಲನ್ನಂತೂ ಇಂಥ ಕೆಲಸಕ್ಕೆ ತರಲೇಬೇಡಿ.

ಮಕ್ಕಳಿರುವ ಮನೆಯವರು ಗಮನಿಸಿ

ಸೀಮೆಎಣ್ಣೆಯನ್ನಾಗಲಿ, ತುಕ್ಕಿನ ಎಣ್ಣೆಯನ್ನಾಗಲಿ ಕೂಲ್‌ಡ್ರಿಂಕ್ ಬಾಟಲಿಯಲ್ಲೋ, ನೀರಿನ ಬಾಟಲಿಯಲ್ಲೋ ಇಡಬೇಡಿ. ಬಾಯಾರಿದ ಮಗು ನೀರೆಂದೇ ಕುಡಿಯುತ್ತದೆ. ಹಾಗೇನಾದರೂ ಆದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದೇ ದೊಡ್ಡ ಅಪಾಯ. ಮಗು ಚೆನ್ನಾಗಿಯೇ ಇದೆ ಅನಿಸಿದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಕೆಲಸ ಮಾಡುವಾಗ ಕೈ ತರಚಿದರೆ ಸೋಪು ನೀರಿನಲ್ಲಿ ತೊಳೆದು ವೈದ್ಯರನ್ನು ಕೇಳಿ ಟಿಟಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಧನುರ್ವಾಯು ತರುವುದು ತುಕ್ಕಲ್ಲ, ಮಣ್ಣು ಧೂಳಿನಲ್ಲಿರುವ ರೋಗಾಣು. ಆದರೆ ತುಕ್ಕು ಹಿಡಿದ ಒರಟು ಕಬ್ಬಿಣದ ಮೇಲೆ ಮಣ್ಣು ಇದ್ದೇ ಇರುತ್ತದೆ.

ಮತ್ತೆ ಹಿಡಿಯದಂತೆ

ಬಿಚ್ಚಿದ ಬೋಲ್ಟನ್ನು ಹಾಗೇ ಮತ್ತೆ ಹಾಕಿದರೆ ಬರುವ ವರ್ಷ ಇದೇ ಪಾಡು. ಗೆರೆಗಳನ್ನು ಉಜ್ಜಿ, ಒಣಗಿಸಿ, ಸ್ವಲ್ಪ ಗ್ರೀಸು, ಅದಿಲ್ಲವಾದರೆ ಚಳಿಗಾಲದಲ್ಲಿ ತುಟಿಗೆ ಹಚ್ಚುವ ವ್ಯಾಸಲೀನ್ ಸವರಿ ಹಾಕಿ. ತೀರಾ ಸವೆದಿದ್ದರೆ ಹಳೆಯದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯ ಹೊಸದು ತನ್ನಿ. ಮರಕ್ಕೆ ಹಾಕುವ ಸ್ಕ್ರೂವಿಗೆ ಮೇಣದಬತ್ತಿ ಉಜ್ಜಿದರೆ ಸಾಕು. ಗ್ರಿಲ್ಲಿನ ಬಣ್ಣ ಎದ್ದ ಕಡೆ ಉಪ್ಪುಕಾಗದ ಹಾಕಿ ಉಜ್ಜಿ ರೆಡ್ ಆಕ್ಸೈಡ್ ಬಳಿದು ಬಣ್ಣ ಕೊಡಿ. ಕದಲದ ವಸ್ತುವಿಗೇ ತುಕ್ಕು ಬೇಗ ಬರುವುದರಿಂದ, ಚಿಲಕ ಅಗುಳಿಗಳನ್ನು ತಿಂಗಳಿಗೊಮ್ಮೆಯಾದರೂ ತೆಗೆದು ಹಾಕಿ.

ಇದಕ್ಕೊಂದು ದಿನ ಗೊತ್ತುಮಾಡಿಕೊಂಡರೆ ಒಳ್ಳೆಯದು. ಮಳೆಗಾಲಕ್ಕೆ ಮುಂಚೆ ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿ ತುಂಬುವ ಕಾಲದಲ್ಲಿ ಒಂದು ಸಲ, ಆಯುಧಪೂಜೆಗೆ ಮನೆಯ ಕತ್ತಿ ಕತ್ತರಿ ಸೈಕಲ್ಲುಗಳನ್ನೆಲ್ಲ ತೊಳೆದಿಡುವಾಗ ಇನ್ನೊಂದು ಸಲ. ಆ ದಿನ ಮಗಳನ್ನೂ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸ್ಪ್ಯಾನರ್ ಯಾವ ಕಡೆಗೆ ತಿರುಗಿಸಬೇಕು, ಗ್ರಿಲ್ಲಿನ ಬೀಗದ ಕೈ ಎಲ್ಲಿದೆ ಎಂಬುದು ಇಬ್ಬರಿಗೂ ತಿಳಿದಿರಲಿ.